ಮಗಳ ಬೆರಳು, ನನ್ನ ಆಣೆ

ಆ ಹೊತ್ತಿಗೆ ನಾನು ವರ್ಷದ ಖಾರ ಕುಟ್ಟುತ್ತಿದ್ದೆ. ಬಾಗೇವಾಡಿಯಲ್ಲಿ ಈಗ ಎಲ್ಲರೂ ಮೆಣಸಿನಕಾಯಿಯನ್ನು ಯಂತ್ರಕ್ಕೆ ಹಾಕಿಸುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಒರಳು, ಒನಕೆ. ಹುರಿದ ಮೆಣಸಿನಕಾಯಿ, ಒಣ ಕೊಬ್ಬರಿ, ಬೆಳ್ಳುಳ್ಳಿ ಸುರಿದು, ಮೂಗಿಗೆ ಸೆರಗು ಬಿಗಿದು, ಎತ್ತಿ ಎತ್ತಿ ಹೊಡೆಯುತ್ತಿದ್ದೆ. ಗೂಡಿನಲ್ಲಿಟ್ಟ ಫೋನು ಮೂರು ಸಲ ಬಡಿದುಕೊಂಡು ಸುಮ್ಮನಾಯಿತು. ನಾಲ್ಕನೆಯ ಸಲ ಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಅಕ್ಕಾರ, ನಾ ಬಾದಾಮಿಯಿಂದ ರಫೀಕ ಮಾತಾಡಾಕತ್ತೇನ್ರಿ. ನೀಲಾನ ಕೈಗೆ ಪೆಟ್ಟಾಗೈತಿ. ಜೀವಕ್ಕೇನಿಲ್ರಿ. ಹುಬ್ಬಳ್ಳಿಗೆ ಕರ್ಕೊಂಡ ಹೊಂಟೇವಿ, ನೀವೂ ಸೀದಾ ಅಲ್ಲಿಗೇ ಬರ್ರಿ."

"ಪೆಟ್ಟಂದ್ರ ಏನ್ರಿ ಸರ್? ಮುರದೈತೇನು?"

ಅವರ ಹಿಂದೆ ಯಾರೋ ಚೀರುತ್ತಿದ್ದರು. ಅದು ನನ್ನ ಮಗಳ ದನಿ ಎಂದು ನನಗೆ ತಿಳಿಯಲೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಹುಡುಗಿ ಚೀರಿದ್ದನ್ನು ನಾನು ಕೇಳಿರಲಿಲ್ಲ.

"ಬೆರಳ್ರಿ," ಅಂದರು ರಫೀಕ ಸರ್. "ಎಡಗೈ ಉಂಗುರದ ಬೆರಳು. ಉಂಗುರ ಕಲ್ಲಿನ ಸಂದ್ಯಾಗ ಸಿಕ್ಕೊಂತು."

ಕೈಯಿಂದ ಒನಕೆ ಜಾರಿ ನನ್ನ ಕಾಲಿನ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಪ್ಪಾಗಿದ್ದು ನನಗೆ ಗೊತ್ತಾದದ್ದು ಮೂರು ದಿನದ ಮೇಲೆ.

ನೀಲಾ ನಮಗೆ ಒಬ್ಬಳೇ ಮಗಳು. ಕಾಲೇಜಿನವರು ಒಮ್ಮೆ ಶಿಬಿರಕ್ಕೆಂದು ಬಾದಾಮಿಗೆ ಕರೆದೊಯ್ದರು. ಅಲ್ಲಿ ಕೆಂಪು ಬಂಡೆಗೆ ಕೈ ಹಚ್ಚಿದವಳು ಮನಸ್ಸಿನಲ್ಲಿ ಮತ್ತೆ ಕೆಳಗೆ ಇಳಿಯಲೇ ಇಲ್ಲ. ಓದು ಮುಗಿದ ಮೇಲೆ ಆ ಶಿಬಿರ ನಡೆಸುವ ರಫೀಕ ಸರ್ ಕೈಯಲ್ಲೇ ಕೆಲಸಕ್ಕೆ ನಿಂತಳು. ಶಿಬಿರಕ್ಕೆ ಬಂದ ಮಕ್ಕಳಿಗೆ ಹಗ್ಗ ಕಟ್ಟಿ ಬಂಡೆ ಹತ್ತಿಸುವ ಕೆಲಸ. ಹತ್ತೀ ಹತ್ತೀ ಅವಳ ಬೆರಳ ಗೆಣ್ಣುಗಳು ದಪ್ಪಗಾಗಿದ್ದವು, ಅಂಗೈ ದಡ್ಡುಗಟ್ಟಿತ್ತು.

"ನಿನ್ನ ಕೈ ನೋಡಿದ್ರ ಎತ್ತಿನ ಗೊರಸು ಕಂಡಂಗಾಗತೈತಿ," ಅಂದರೆ, "ಮೊದಲ ನಿನ್ನ ರೊಟ್ಟಿ ಬಡಿಯೂ ಕೈ ನೋಡ್ಕೋ," ಅನ್ನುತ್ತಿದ್ದಳು.

ನನಗೆ ಹೆದರಿಕೆ. ನಮ್ಮ ಮಠದ ಅಪ್ಪಾವರ ಹತ್ತಿರ ಹೋಗಿ, ಮಗಳಿಗೆ ರಕ್ಷಣೆ ಬೇಕೆಂದು ಕೇಳಿ, ಒಂದು ಪಂಚಲೋಹದ ಉಂಗುರ ತಂದೆ. ಅವಳ ಗೆಣ್ಣು ದಾಟಬೇಕೆಂದು ದೊಡ್ಡದನ್ನೇ ಆರಿಸಿದ್ದೆ. ಗೆಣ್ಣು ದಾಟಿದ ಮೇಲೆ ಅದು ಬುಡದಲ್ಲಿ ಗಿರಗಿರ ತಿರುಗತೊಡಗಿತು. ಸಡಿಲ ಉಂಗುರಕ್ಕೆ ನಮ್ಮ ಕಡೆ ಹೆಣ್ಣುಮಕ್ಕಳು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಅರಿಶಿಣದಲ್ಲಿ ಅದ್ದಿದ ನೂಲನ್ನು ಉಂಗುರದ ಒಳಗಡೆ ಬಿಗಿಯಾಗಿ ಸುತ್ತಿದೆ, ಸುತ್ತಿಗೊಮ್ಮೆ ನಮಃ ಶಿವಾಯ ಎನ್ನುತ್ತ. ತೊಡಿಸುವಾಗ ಅವಳಿಗೆ ನೋವಾಯಿತು. ಸೋಪು ಹಚ್ಚಿ ದೂಡಿದೆ. ಆಮೇಲೆ ಅವಳ ಕೈ ತೆಗೆದು ನನ್ನ ತಲೆಯ ಮೇಲೆ ಇಟ್ಟುಕೊಂಡು ಅಂದೆ:

"ಇದನ್ನ ತಗದ್ರ ನಾ ಸತ್ತಂಗ. ನನ್ನ ಆಣಿ ಐತಿ."

"ಏ, ಏನವ್ವಾ ನಿಂದು. ಕಲ್ಲು ಹತ್ತೂಮುಂದ ಉಂಗುರ ಹಾಕೂ ಹಂಗಿಲ್ಲ."

"ಆಣಿ ಐತಿ ಅಂದೆ."

ಎಲ್ಲದಕ್ಕೂ ನನ್ನ ಮೇಲೆ ನಗುವ ಹುಡುಗಿ ಆಣೆಯನ್ನು ಮಾತ್ರ ಮುರಿಯಲಿಲ್ಲ. ರಫೀಕ ಸರ್ ದಿನಾ ಬೆಳಿಗ್ಗೆ ಎಲ್ಲರ ಕೈ ನೋಡುತ್ತಿದ್ದರಂತೆ. ಇವಳು ಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಹಳೇ ಉಳುಕು ಸರ್, ಅನ್ನುತ್ತಿದ್ದಳಂತೆ. ಆವತ್ತು ತುದಿಗೆ ಎರಡಾಳೆತ್ತರ ಉಳಿದಾಗ ಕಾಲು ಜಾರಿತು. ಕೈ ಜಾರಲಿಲ್ಲ. ಉಂಗುರ ಒಂದು ತೆಳ್ಳನೆ ಕಲ್ಲಿನ ಚಕ್ಕೆಯ ಹಿಂದೆ ಸಿಕ್ಕಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಇಡೀ ಮೈ ಆ ಒಂದು ಬೆರಳಿಗೆ ಜೋತುಬಿತ್ತು. ಆಮೇಲೆ ಹಗ್ಗ ಹಿಡಿಯಿತು. ಹಗ್ಗ ಹಿಡಿಯಿತು ಎಂಬುದನ್ನು ನಾನು ಇವತ್ತಿಗೂ ಪೂಜೆಯಲ್ಲಿ ನೆನೆಯುತ್ತೇನೆ.

ಹುಬ್ಬಳ್ಳಿಯ ತನಕ ನಮ್ಮನೆಯವರು ಕಾರು ಓಡಿಸಿದರು. ಬೀಜ ಗೊಬ್ಬರದ ಅಂಗಡಿಯ ಷಟರನ್ನು ಅರ್ಧ ಎಳೆದು ಬಂದಿದ್ದರು. ನನ್ನ ಕೈ ತುಂಬ ಖಾರ. ಎರಡು ಕಡೆ ನಿಲ್ಲಿಸಿ ತೊಳೆದರೂ ಉರಿ ಹೋಗಲಿಲ್ಲ, ಕಣ್ಣೀರು ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಆಸ್ಪತ್ರೆಯಲ್ಲಿ ಮಗಳನ್ನು ಕಂಡೊಡನೆ ಅದೆಲ್ಲ ಮರೆತು ಅವಳ ಎರಡೂ ಗಲ್ಲ ಹಿಡಿದುಕೊಂಡೆ.

"ಅವ್ವಾ! ಇದ್ದ ನೋವು ಸಾಲಲಿಲ್ಲಂತ ಖಾರ ಹಚ್ಚಾಕ ಬಂದೀಯೇನ?"

ಅವಳು ಬೈದದ್ದು ನನಗೆ ಅಮೃತದ ಹಾಗೆ ಕೇಳಿಸಿತು. ಬೈಯುವಷ್ಟು ಜೀವ ಇದೆಯಲ್ಲ, ಶಿವನೇ.

ಆಮೇಲೆ ಬೆರಳು ನೋಡಿದೆ. ಬೆಂದ ಗೆಣಸಿನ ಸಿಪ್ಪೆಯನ್ನು ಬುಡದಲ್ಲಿ ಹಿಡಿದು ಎಳೆದರೆ ಹೇಗೆ ಬರುತ್ತದೆ, ಹಾಗೆ ಚರ್ಮವೆಲ್ಲ ಬುಡದಿಂದ ಕಿತ್ತು ತುದಿಗೆ ಸರಿದು ನೇತಾಡುತ್ತಿತ್ತು. ಒಳಗಿನ ಬಿಳಿ ನರ ಕಾಣುತ್ತಿತ್ತು, ಎಲುಬು ಕಾಣುತ್ತಿತ್ತು. ಆವತ್ತಿನಿಂದ ನಮ್ಮ ಮನೆಯಲ್ಲಿ ಗೆಣಸು ಬೇಯಿಸಿಲ್ಲ.

ಡಾಕ್ಟರು ಹೆಣ್ಣುಮಗಳು. ಬಿಡಿಸಿ ಹೇಳಿದರು: "ಎರಡು ದಾರಿ ಅದಾವು. ಬೆರಳು ತೆಗೆದುಬಿಟ್ಟರೆ ಒಂದೂವರೆ ತಿಂಗಳಿಗೆ ಕೈ ಕೆಲಸಕ್ಕೆ ಬರ್ತದೆ. ಉಳಿಸಲಿಕ್ಕೆ ಪ್ರಯತ್ನ ಮಾಡಬಹುದು. ರಕ್ತನಾಳ ಒಂದೊಂದಾಗಿ ಹೊಲಿಯಬೇಕು. ಬದುಕಿದರೂ ಅದು ಮಡಚೂದು ಕಷ್ಟ. ನಿರ್ಧಾರ ನಿಮ್ಮ ಮಗಳದ್ದು."

"ತಗೀರಿ," ಅಂದಳು ನೀಲಾ. ಹಲ್ಲು ಕಚ್ಚಿಕೊಂಡೇ ಅಂದಳು. "ನನಗ ಕೈ ಬೇಕ್ರಿ ಡಾಕ್ಟರ್. ಬೆರಳಲ್ಲ."

ನಾನು ಸ್ಟ್ರೆಚರಿನ ಕಬ್ಬಿಣ ಹಿಡಿದುಕೊಂಡೆ. ಎಡಗೈಯಲ್ಲವೇ ಪೂಜೆಯಲ್ಲಿ ಇಷ್ಟಲಿಂಗ ಹಿಡಿಯುವುದು. ನಾಳೆ ಆ ಕೈಯಲ್ಲಿ ಒಂದು ಬೆರಳಿನ ಜಾಗ ಖಾಲಿ ಇದ್ದರೆ, ಅದನ್ನು ದಿನಾ ನೋಡುತ್ತ ನಾನು ಹೇಗೆ ಬದುಕಲಿ? ಅವಳ ಬಲಗೈಯನ್ನು ಎಳೆದು ಮತ್ತೆ ನನ್ನ ತಲೆಯ ಮೇಲಿಟ್ಟುಕೊಂಡೆ. "ತಗಸಿದ್ರ ನನ್ನ ಹೆಣಾ ನೋಡ್ತಿ," ಅಂದೆ. ಅವಳು ಮುಖ ಗೋಡೆಗೆ ತಿರುಗಿಸಿ ಡಾಕ್ಟರಿಗೆ, "ಹೊಲೀರಿ," ಅಂದಳು.

ಏಳು ತಾಸಿನ ಆಪರೇಷನ್ನು. ಹೊರಗಿನ ಬೆಂಚಿನಲ್ಲಿ ರಫೀಕ ಸರ್ ಒಂದು ಪ್ಲಾಸ್ಟಿಕ್ ಚೀಲ ತಂದು ನಮ್ಮನೆಯವರ ಕೈಗೆ ಕೊಟ್ಟರು. ಕತ್ತರಿಸಿ ತೆಗೆದ ಉಂಗುರ, ಅದಕ್ಕೆ ಅಂಟಿಕೊಂಡ ನನ್ನ ನೂಲು. ಅರಿಶಿಣ ಕಂದು ಆಗಿತ್ತು.

"ದಾರ ಯಾರು ಸುತ್ಯಾರೋ ಏನೋ," ಅಂದರು ಅವರು, ಪಾಪ, ಏನೂ ಗೊತ್ತಿಲ್ಲದೆ. "ಸಡಿಲ ಇದ್ದಿದ್ರ ಜಾರಿ ಬರ್ತಿತ್ತೇನೋ."

ನಮ್ಮನೆಯವರು ಎದ್ದರು. ಚೀಲವನ್ನು ನನ್ನ ಮುಖಕ್ಕೆ ಎಸೆದರು. "ನೀ! ನೀ ಸುತ್ತೀದಿ! ಮಗಳ ಬೆರಳಿಗೆ ಸಂಕಲಿ ಹಾಕೀದಿ!" ಎಂದು ಒದರುತ್ತ ಕೈ ಎತ್ತಿದರು. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಎಂದೂ ಎತ್ತಿದ ಕೈಯಲ್ಲ ಅದು. ನಾನು ತಪ್ಪಿಸಿಕೊಳ್ಳಲಿಲ್ಲ. ಬೀಳಲಿ ಎಂದೇ ಕುಳಿತಿದ್ದೆ. ಏಟು ನನ್ನ ಕಿವಿಯ ಪಕ್ಕದ ಗೋಡೆಗೆ ಬಿತ್ತು. ಅವರ ಗೆಣ್ಣು ಒಡೆದು ಸುಣ್ಣದ ಮೇಲೆ ರಕ್ತದ ಗುರುತಾಯಿತು. ಇನ್ನೊಂದು ಏಟು ಹೊಡೆದರು, ಅದೂ ಗೋಡೆಗೇ. ರಫೀಕ ಸರ್ ಅವರ ಸೊಂಟ ಹಿಡಿದು ಎಳೆದು ಕೂರಿಸಿದರು.

ಎದುರಿನ ಬೆಂಚಿನಲ್ಲಿ ಇಂಡಿ ಕಡೆಯ ಅಗರಖೇಡದ ಒಬ್ಬಾಕೆ ಇದ್ದಳು, ಕಸ್ತೂರವ್ವ. ಅವಳ ಗಂಡನ ಕೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತು. ಅಷ್ಟೂ ಹೊತ್ತು ಕಡಲೆ ಬಿಡಿಸುತ್ತ ನಮ್ಮನ್ನೇ ನೋಡುತ್ತಿದ್ದವಳು ಅಂದಳು:

"ಒಂದ ಮನಿಯಾಗ ಎರಡು ಕೈ ಆದ್ವು. ಡಾಕ್ಟರಮ್ಮಗ ಬ್ಯಾರೆ ಪೇಷಂಟ ಯಾಕ ಬೇಕ್ರಿ?"

ಅವಳು ನನ್ನ ಪಕ್ಕಕ್ಕೆ ಬಂದು ಕುಳಿತಳು. "ನಮ್ಮವರದು ನಾಕು ಬೆರಳು ಹ್ವಾದ್ವು. ಮಶೀನಿಗೆ ಪೂಜಿ ಮಾಡೂಮುಂದ ಬಂದ್ ಮಾಡಬಾರದು, ಲಕ್ಷ್ಮಿ ಎದ್ದು ಹೋಗ್ತಾಳ ಅಂತ ನಾನ ಹೇಳಿದ್ದೆ. ಕುಂಕುಮ ಹಚ್ಚಾಕ ಹೋದ್ರು. ನಾ ಏನ ಮಾಡ್ಲಿ, ಬಾವಿ ಬೀಳಲ್ಯಾ? ಅವ್ರಿಗೆ ಉಣಸಾವ್ರು ಯಾರು ಮತ್ತ?" ಎಂದು ಒಂದು ಹಿಡಿ ಕಡಲೆ ನನ್ನ ಉಡಿಯಲ್ಲಿ ಸುರಿದಳು. ನಾನು ತಿಂದೆ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಅದೇ ಮೊದಲು. ತನ್ನವರಿಗೆ ಹೀಗೆ ಮಾಡಿದವಳು ನಾನೊಬ್ಬಳೇ ಎಂದುಕೊಂಡಿದ್ದ ಹೊತ್ತಿನಲ್ಲಿ ನನ್ನಂಥವಳೇ ಇನ್ನೊಬ್ಬಳು ಎದುರಿಗೆ ಕುಳಿತಿದ್ದಳು. ಇದನ್ನು ಬರೆಯುತ್ತಿರುವುದೂ ಅದಕ್ಕೇ. ಯಾವ ಬೆಂಚಿನಲ್ಲಿ ಯಾವ ತಾಯಿ ಕುಳಿತಿದ್ದಾಳೋ ಯಾರಿಗೆ ಗೊತ್ತು.

ಬೆರಳು ಮೊದಲ ದಿನ ಗುಲಾಬಿ ಆಯಿತು, ಎರಡನೆಯ ದಿನ ನೀಲಿಗೆ ತಿರುಗಿತು. ರಕ್ತ ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ ಅಂದರು. ಗಾಜಿನ ಬಾಟಲಿಯಲ್ಲಿ ಜಿಗಣೆ ತಂದರು. ಇರುವೆ ಸಾಲು ಕಂಡರೆ ದಾಟಿ ಹೋಗುವವಳು ನಾನು. ನನ್ನೆದುರಿಗೇ ಕರಿ ಜಿಗಣೆಗಳನ್ನು ಮಗಳ ಬೆರಳಿಗೆ ಹಚ್ಚಿದರು. ಅವು ಕುಡಿದು ಹೆಬ್ಬೆರಳಿನಷ್ಟು ಉಬ್ಬಿ ಕಳಚಿ ಬೀಳುತ್ತಿದ್ದವು. ಬಿದ್ದವನ್ನು ಸ್ಪಿರಿಟ್ಟಿನಲ್ಲಿ ಹಾಕಿ ಕೊಲ್ಲುತ್ತಿದ್ದರು.

"ಹೆದರಬ್ಯಾಡ್ರಿ ಅಮ್ಮಾರ, ಇವು ನಮ್ಮ ಸ್ಟಾಫ್ ಇದ್ದಂಗ," ಅಂದಳು ನರ್ಸು. ನೀಲಾ ನಕ್ಕಳು. ನಾನು ಒಂದೊಂದು ಜಿಗಣೆಗೂ ಮನಸ್ಸಿನಲ್ಲೇ ಕೈ ಮುಗಿದೆ. ನನ್ನ ತಪ್ಪಿಗೆ ಅವು ಜೀವ ಕೊಡುತ್ತಿದ್ದವು.

ಪಟ್ಟಿ ಬಿಚ್ಚಿ ಕಟ್ಟುವ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಒಣಗಿದ ಬಟ್ಟೆ ಮಾಂಸಕ್ಕೆ ಅಂಟಿಕೊಂಡಿರುತ್ತಿತ್ತು. ಎಷ್ಟು ನೀರು ಹಾಕಿದರೂ ಕೊನೆಗೆ ಎಳೆಯಲೇಬೇಕು. ಮೊದಲ ದಿನ ಅವಳ ಬಾಯಿಗೆ ಟವೆಲ್ ಕೊಟ್ಟರು. ಎರಡನೆಯ ದಿನ ನಾನು ನನ್ನ ಮುಂಗೈ ಕೊಟ್ಟೆ. ಕಚ್ಚಿದಳು. ಬಿಡಲಿಲ್ಲ. ನಾಲ್ಕು ಹಲ್ಲಿನ ಗುರುತು ಈಗಲೂ ನನ್ನ ಕೈಯಲ್ಲಿದೆ. ಆ ನೋವು ನನಗೆ ಬೇಕಾಗಿತ್ತು.

ಹದಿನಾಲ್ಕನೆಯ ದಿನ ಮನೆಗೆ ಬಂದೆವು. ಬೆರಳು ಬದುಕಿತ್ತು. ಓಣಿಯ ಹೆಂಗಸರು ಬಂದು, ದೇವರು ದೊಡ್ಡಾವ, ಎಂದು ಹೋದರು. ನಾನೂ ಮಠಕ್ಕೆ ಎಣ್ಣೆ ಕಳಿಸಿದೆ.

ಆದರೆ ಅದು ಬೆರಳಾಗಿರಲಿಲ್ಲ. ತೊಡೆಯ ಚರ್ಮ ಹಚ್ಚಿದ ಒಂದು ಗೂಟ. ತಣ್ಣಗೆ, ನೆಟ್ಟಗೆ ನಿಂತುಬಿಟ್ಟಿತ್ತು. ಉಳಿದ ಬೆರಳು ಮಡಚಿದರೂ ಅದು ಮಡಚದು. ಸೀರೆಯ ಅಂಚಿಗೆ, ಬಾಗಿಲ ಚಿಲಕಕ್ಕೆ, ಹಾಸಿಗೆಯ ದಾರಕ್ಕೆ ಸಿಕ್ಕುತ್ತಿತ್ತು. ಸಿಕ್ಕಿದಾಗಲೆಲ್ಲ ಭುಜದವರೆಗೆ ಕರೆಂಟು ಹೊಡೆದಂತಾಗಿ ಅವಳು ನೆಲಕ್ಕೆ ಕೂರುತ್ತಿದ್ದಳು. ದಿನಕ್ಕೆ ಮೂರು ಸಲ ಬಿಸಿ ಮೇಣದಲ್ಲಿ ಅದ್ದಿ ಮಡಚಿಸಬೇಕೆಂದು ಹೇಳಿದ್ದರು. ಮಡಚಿಸುವವಳು ನಾನು. ಅವಳ ಮಣಿಕಟ್ಟನ್ನು ಮೊಣಕಾಲಿನ ಕೆಳಗೆ ಅದುಮಿ ಹಿಡಿದು ಒತ್ತುತ್ತಿದ್ದೆ. ಅವಳು ಚೀರುತ್ತಿದ್ದಳು. "ಇನ್ನೊಂಚೂರು, ಇನ್ನೊಂಚೂರು," ಅನ್ನುತ್ತಿದ್ದೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಬಿಸಿ ಮೇಣದ ಪಾತ್ರೆಯನ್ನೇ ಕಾಲಿನಿಂದ ಒದ್ದಳು. ಗೋಡೆಯ ಮೇಲೆಲ್ಲ ಮೇಣ. ಒಮ್ಮೆ ನಾನೇ ತಾಳ್ಮೆ ತಪ್ಪಿ ಅವಳ ಕೆನ್ನೆಗೆ ಹೊಡೆದೆ. ಹೊಡೆದ ಕೈಯಿಂದಲೇ ಮತ್ತೆ ಒತ್ತಿದೆ. ಮಳೆಗಾಲ ಹೀಗೇ ಹೋಯಿತು. ಬೆರಳು ಒಂದು ಗೋದಿ ಕಾಳಿನಷ್ಟೂ ಬಾಗಲಿಲ್ಲ.

ದಸರೆ ಮುಗಿದ ವಾರ. ನಾನು ಈಳಿಗೆಮಣೆಯ ಮೇಲೆ ಕುಳಿತು ಸೌತೆಕಾಯಿ ಹೆಚ್ಚುತ್ತಿದ್ದೆ. ನೀಲಾ ಬಂದು ಎದುರಿಗೆ ಕುಳಿತಳು. ಎಡಗೈ ಚಾಚಿ, ಆ ನೆಟ್ಟಗಿನ ಬೆರಳನ್ನು ಈಳಿಗೆಯ ಅಲಗಿನ ಮೇಲೆ ಇಟ್ಟಳು.

"ನೀ ತಗೀತೀಯೋ, ನಾ ತಗೀಲ್ಯೋ?"

"ನೀಲಾ!"

"ಇದು ನನ್ನ ಬೆರಳಲ್ಲವ್ವಾ. ಇದು ನಿಂದು. ನಿನ್ನ ಸಲುವಾಗಿ ಹೊತ್ಕೊಂಡ ತಿರಗಾಕತ್ತೇನಿ. ಏಳು ತಿಂಗಳಾತು. ಸಾಕು."

ನಾನು ಈಳಿಗೆಯನ್ನು ಕಾಲಿನಿಂದ ದೂಡಿದೆ. ಅಲಗು ನನ್ನ ಪಾದ ಸೀಳಿತು. ಅವಳು ನೆಲದ ಮೇಲೆ ಬಿದ್ದಳು. ಇಬ್ಬರೂ ಸೌತೆಕಾಯಿ ಹೋಳುಗಳ ನಡುವೆ, ನನ್ನ ರಕ್ತದ ನಡುವೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಅವಳ ಬೆರಳಿಗೆ ಗಾಯವಾಗಿರಲಿಲ್ಲ. ಅದನ್ನೂ ಒಂದು ಕರುಣೆ ಎಂದು ಎಣಿಸಿದ್ದೇನೆ.

ಮರುದಿನ ಪಾದಕ್ಕೆ ಬಟ್ಟೆ ಕಟ್ಟಿಕೊಂಡು ಕುಂಟುತ್ತ ಮಠಕ್ಕೆ ಹೋದೆ. ಭಕ್ತಿಯಿಂದ ಹೋಗಲಿಲ್ಲ, ಸಿಟ್ಟಿನಿಂದ ಹೋದೆ. ತುಂಡಾದ ಉಂಗುರವನ್ನು ಅಪ್ಪಾವರ ಪಾದದ ಹತ್ತಿರ ಎಸೆದೆ. "ಇದು ರಕ್ಷಣೇನ್ರಿ? ಇದು ನನ್ನ ಮಗಳನ್ನ ತಿಂತು," ಅಂದೆ. ಪಕ್ಕದಲ್ಲಿದ್ದವರು ನನ್ನನ್ನು ಹಿಡಿಯಲು ಬಂದರು. ಅಪ್ಪಾವರು ಅವರನ್ನು ಸನ್ನೆಯಿಂದ ತಡೆದು ಉಂಗುರ ಎತ್ತಿಕೊಂಡು ನೋಡಿದರು. ನೂಲನ್ನು ಉಗುರಿನಿಂದ ಬಿಡಿಸಿ ನೋಡಿದರು.

"ತಾಯೀ, ಉಂಗುರ ನಾ ಕೊಟ್ಟೇನಿ. ಇದನ್ನ ತಗೀಬ್ಯಾಡಂತ ಅಂದಿದ್ನೇನು?"

ಬಿಡಿಸಿದ ನೂಲನ್ನು ನನ್ನ ಮುಂದೆ ಹಿಡಿದರು.

"ಜಳಕಕ್ಕ ಹೋಗೂಮುಂದ, ಕೆಲಸಕ್ಕ ಹೋಗೂಮುಂದ ತಗದು ಜಗಲಿ ಮ್ಯಾಲ ಇಡ್ರಿ ಅಂತ ಎಲ್ಲಾರಿಗೂ ಹೇಳ್ತೇನಿ. ನಿನಗೂ ಹೇಳೇನಿ."

ಹೇಳಿದ್ದರು. ಹೌದು, ಹೇಳಿದ್ದರು. ಆವತ್ತು ಪ್ರಸಾದ ತೆಗೆದುಕೊಳ್ಳುತ್ತ ನಾನು ತಲೆ ಆಡಿಸಿದ್ದೂ ನೆನಪಾಯಿತು. ತೆಗೆದಿಡುವ ರಕ್ಷಣೆ ಎಂಥ ರಕ್ಷಣೆ ಎಂದುಕೊಂಡು ಬಸ್ಸಿನಲ್ಲಿ ಬರುವಾಗಲೇ ಆ ಮಾತನ್ನು ಬಿಟ್ಟು ಬಂದಿದ್ದೆ. ನನ್ನ ಹೆದರಿಕೆಗೆ ದೇವರು ಕೊಟ್ಟಷ್ಟು ಸಾಲದೆ ನಾನೇ ಮೇಲೆ ಇಷ್ಟು ಸೇರಿಸಿದ್ದೆ. ನೂಲು ನನ್ನದು. ಸೋಪು ಹಚ್ಚಿ ದೂಡಿದ ಕೈ ನನ್ನದು. ಆಣೆ ನನ್ನದು.

"ಹಾಕಿದಾಕಿ ನೀನು," ಅಂದರು ಅಪ್ಪಾವರು. "ಬಿಡಸಾಕಿನೂ ನೀನ. ನನ್ನ ಕಡೆ ಯಾಕ ಬಂದೀ? ಕಾಲು ನೋಡು, ರಕ್ತ ಸೋರಾಕತ್ತೈತಿ. ಮೊದಲ ಅದಕ್ಕ ಮದ್ದು ಹಾಕಿಸ್ಕೋ."

ಮನೆಗೆ ಬಂದಾಗ ನೀಲಾ ಗೋಡೆಯ ಮೇಲಿನ ಮೇಣವನ್ನು ಚಮಚದಿಂದ ಕೆರೆಯುತ್ತಿದ್ದಳು. ಅವಳ ಮುಂದೆ ಕುಳಿತೆ. ಅವಳ ಎಡಗೈಯನ್ನೇ ತೆಗೆದು, ಆ ಗೂಟದ ಸಮೇತ, ನನ್ನ ತಲೆಯ ಮೇಲಿಟ್ಟುಕೊಂಡೆ. ಅವಳು ಬೆಚ್ಚಿ ಎಳೆದುಕೊಳ್ಳಲು ನೋಡಿದಳು. ಇನ್ನೊಂದು ಆಣೆ ಎಂದುಕೊಂಡಳು, ಪಾಪ.

"ಎರಡೂ ಆಣಿ ಬಿಡಿಸೇನಿ," ಅಂದೆ. "ಕೈ ನಿಂದು. ನಿನಗ ತಿಳದಂಗ ಮಾಡು. ನಾ ಜೋಡಿ ಬರ್ತೇನಿ."

ಅವಳು ನನ್ನ ಮುಖ ದಿಟ್ಟಿಸಿದಳು. "ಮತ್ತ ಸಾಯೂದಿಲ್ಲಲ್ಲ ನೀ?"

"ನಿನಗ ಉಣ್ಣಾಕ ಹಾಕಿ ಹಾಕಿ ಸಾಯ್ತೇನಿ, ಬಿಡು."

ಮುಂದಿನ ಸೋಮವಾರವೇ ಹುಬ್ಬಳ್ಳಿಗೆ ಹೋದೆವು. ಬುಡದ ಎಲುಬಿನ ಸಮೇತ ತೆಗೆದು, ಉಳಿದ ಬೆರಳುಗಳನ್ನು ಹತ್ತಿರಕ್ಕೆ ಸೇರಿಸಿ ಹೊಲಿದರು. ಎರಡು ತಾಸೂ ಹಿಡಿಯಲಿಲ್ಲ. ಎರಡೂವರೆ ತಿಂಗಳಿಗೆ ರಫೀಕ ಸರ್ ಒಂದು ವಿಡಿಯೋ ಕಳಿಸಿದರು. ನೀಲಾ ಬಂಡೆಯ ಮೇಲೆ, ತಿರುಗಿ ಕ್ಯಾಮೆರಾಕ್ಕೆ ನಾಲಿಗೆ ಚಾಚುತ್ತಿದ್ದಳು. ನಾನು ಅದನ್ನು ಅರ್ಧ ನೋಡಿ ಬಂದ್ ಮಾಡಿದೆ. ಹೆದರಿಕೆ ಇನ್ನೂ ಇದೆ. ಅದನ್ನು ಈಗ ನಾನೇ ಇಟ್ಟುಕೊಳ್ಳುತ್ತೇನೆ, ಅವಳ ಕೈಗೆ ಕಟ್ಟುವುದಿಲ್ಲ. ಆದರೆ ನಾನು ಹೇಳಬೇಕಾದದ್ದು ವಿಡಿಯೋದ ಮಾತಲ್ಲ, ಆಸ್ಪತ್ರೆಯಿಂದ ಬಿಟ್ಟ ದಿನದ ಮಾತು.

ಆಪರೇಷನ್ ಮುಗಿದ ಕೂಡಲೇ ನರ್ಸು ಹೊರಗೆ ಬಂದು, ತೆಗೆದದ್ದನ್ನು ನಾವೇ ಸುಡುವ ಕಡೆ ಕಳಿಸುತ್ತೇವೆ, ಅಂದಿದ್ದಳು. ಸುಡುವುದು ಎಂದೊಡನೆ ನನಗೆ ತಡೆಯಲಾಗಲಿಲ್ಲ. ನಮ್ಮವರನ್ನು ನಾವು ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ, ಮಣ್ಣಿಗೆ ಕೊಡುತ್ತೇವೆ. ಕೊಡ್ರಿ ನಮಗೇ, ಅಂದೆ. ಕಾಗದದ ಮೇಲೆ ನೀಲಾಳೇ ಬಲಗೈಯಿಂದ ಸಹಿ ಹಾಕಿದಳು. ಬಿಡುವ ದಿನ ಒಂದು ಪುಟ್ಟ ಡಬ್ಬಿಯನ್ನು ಸುತ್ತಿ ಕೊಟ್ಟರು. ದಾರಿಯುದ್ದಕ್ಕೂ ಅದನ್ನು ಉಡಿಯಲ್ಲಿ ಹಿಡಿದುಕೊಂಡು ಕುಳಿತಿದ್ದೆ.

"ಅವ್ವಾ," ಅಂದಳು ನೀಲಾ ಹಿಂದಿನ ಸೀಟಿನಿಂದ, "ಎಲ್ಲಾರೂ ಒಮ್ಮೆ ಹೋಗ್ತಾರ, ನಾ ಕಂತಿನ ಮ್ಯಾಲ ಹೊಂಟೇನಿ ನೋಡು."

ಮನೆಗೆ ಹೋಗದೆ ಸೀದಾ ಇಂಗಳೇಶ್ವರದ ನಮ್ಮ ಹೊಲಕ್ಕೆ ಹೋದೆವು. ಜೋಳ ಮೊಣಕಾಲೆತ್ತರ ಬಂದಿತ್ತು. ಬದುವಿನ ಮೇಲೆ ನಮ್ಮನೆಯವರು ಗುದ್ದಲಿಯಿಂದ ಒಂದು ಮೊಳ ಅಗೆದರು. ಡಬ್ಬಿ ಬಿಚ್ಚಿ, ಬಿಳಿ ಅರಿವೆಯಲ್ಲಿ ಸುತ್ತಿದ್ದನ್ನು ನಾನು ಕೈಗೆ ತೆಗೆದುಕೊಂಡೆ. ವಿಭೂತಿ ಹಚ್ಚಿದೆ, ಒಂದು ಬಿಲ್ವಪತ್ರಿ ಇಟ್ಟೆ. ನಮ್ಮನೆಯವರು ಕುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವರು ಬಹಳ ಯೋಚನೆಯಿಂದ ಕೇಳಿದರು:

"ಇದನ್ನ ಕುಂದರಸಬೇಕೋ, ಮಲಗಸಬೇಕೋ?"

"ನಿಂದರಸ್ರಿ ಅಪ್ಪಾ," ಅಂದಳು ನೀಲಾ. "ಏಳು ತಿಂಗಳು ನಿಂತ ಇತ್ತಲ್ಲ ಅದು."

ಮೊದಲು ನಕ್ಕವರು ಅವರೇ. ನಗುತ್ತ ನಗುತ್ತ ಅಳು ಬಂದು, ಮಣ್ಣಾದ ಕೈಯಿಂದ ಮುಖ ಮುಚ್ಚಿಕೊಂಡರು. ಹುಬ್ಬಳ್ಳಿಯ ಗೋಡೆಗೆ ಹೊಡೆದ ದಿನದಿಂದ ಅವರು ನನ್ನ ಕಣ್ಣು ನೋಡಿ ಮಾತಾಡಿರಲಿಲ್ಲ. ಆಗ ನೋಡಿದರು. "ಕೊಡ ಇಲ್ಲಿ," ಎಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಮಗಳು ಹೇಳಿದಂತೆ ನೆಟ್ಟಗೆ ನಿಲ್ಲಿಸಿದರು. ಮೂವರೂ ಒಂದೊಂದು ಹಿಡಿ ಮಣ್ಣು ಹಾಕಿದೆವು.

"ಹೆಂಗನಸ್ತೈತಿ ಕೈ?" ಎಂದು ಕೇಳಿದೆ.

ನೀಲಾ ಪಟ್ಟಿ ಕಟ್ಟಿದ ಎಡಗೈಯನ್ನು ಗಾಳಿಯಲ್ಲಿ ಎತ್ತಿ ನೋಡಿಕೊಂಡಳು. "ಹಗುರ," ಅಂದಳು.

ಮನೆಗೆ ಬಂದು ಮೂವರೂ ಜಳಕ ಮಾಡಿದೆವು. ತಂದೆ ಮಗಳಿಬ್ಬರಿಗೂ ಹಸಿವಾಗಿತ್ತು. ನೋಡಿದರೆ ರೊಟ್ಟಿಯ ಹಿಟ್ಟಿನ ಡಬ್ಬಿ ತಳ ಕಂಡಿತ್ತು. ನಾಲ್ಕಕ್ಕೆ ಗಿರಣಿಯ ಕರೆಂಟು ಹೋಗುತ್ತದೆ. ಹಸಿ ಕೂದಲು ಗಂಟು ಹಾಕಿಕೊಂಡು, ಐದು ಸೇರು ಜೋಳ ಅಳೆದು ಬುಟ್ಟಿಗೆ ಸುರಿದು, ತಲೆಯ ಮೇಲೆ ಹೊತ್ತು ಹೊರಟೆ.